ಟೆಂಡರ್ ಎಂದರೆ ನಮ್ಮ ಮಾರುಕಟ್ಟೆಯ ಟೆಂಡರ್ ಅಲ್ಲವಂತೆ: ನಡುನೀರಿನಲ್ಲಿ ನಿಂತ ಹಡಗಿನಿಂದ ದಡ ಸೇರುವುದು ಹೇಗೆ?

ಮೆಕ್ಕೆಜೋಳದಂಗಡಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಎಪಿಎಂಸಿಯಲ್ಲಿ ನನ್ನದೊಂದು ಅಂಗಡಿ. ಮೂವತ್ತು ವರ್ಷಗಳಿಂದ ಟೆಂಡರ್ ಎಂಬ ಪದವನ್ನು ಕೇಳಿಕೊಂಡೇ ಬದುಕಿದವನು. ರಾಶಿ ಸುರಿಯುತ್ತಾರೆ, ದರ ಬರೆಯುತ್ತೇವೆ, ಹೆಚ್ಚು ಬರೆದವನಿಗೆ ಮಾಲು. ಈಗ ಅದೇ ಪದ ಬೇರೊಂದು ವೇಷದಲ್ಲಿ ಎದುರಾಗಿದೆ.

ಜರ್ಮನಿಯಲ್ಲಿರುವ ಅಣ್ಣನ ಮಗ ನನಗೆ, ನನ್ನ ಮನೆಯವಳಿಗೆ ಮತ್ತು ಅವ್ವನಿಗೆ ಗ್ರೀಸ್ ದೇಶದ ಹಡಗಿನ ಪ್ರವಾಸ ಮಾಡಿಸುತ್ತಿದ್ದಾನೆ. ಹೊಸ ಜೋಳ ಮಾರುಕಟ್ಟೆಗೆ ಬರುವ ಮೊದಲೇ ಮುಗಿಸಿಕೊಂಡು ಬರೋಣವೆಂದು ಆಗಸ್ಟ್ ಕೊನೆಯ ವಾರ ಗೊತ್ತು ಮಾಡಿದ್ದೇವೆ. ಬುಕಿಂಗ್ ಮಾಡಿದ ಏಜೆಂಟ್, ‘ಹಡಗು ಎಲ್ಲ ಕಡೆಯೂ ದಡದ ಕಟ್ಟೆಗೇ, ಅಂದರೆ ಧಕ್ಕೆಗೇ, ತಾಗಿ ನಿಲ್ಲುತ್ತದೆ, ಅಮ್ಮ ಮನೆಯ ಹೊಸ್ತಿಲು ದಾಟಿದಂತೆ ದಾಟಬಹುದು’ ಎಂದಿದ್ದ. ನಿನ್ನೆ ಬಂದ ಕಾಗದದಲ್ಲಿ ಮೈಕೊನೋಸ್ ಮತ್ತು ಸ್ಯಾಂಟೊರಿನಿ ಹೆಸರುಗಳ ಪಕ್ಕದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ‘ಟೆಂಡರ್ ಬಂದರು’ ಎಂದಿದೆ. ಕೇಳಿದರೆ, ‘ಅದೇನೂ ಇಲ್ಲ ಸರ್, ಹಡಗಿನಿಂದ ದಡಕ್ಕೆ ಕರೆದೊಯ್ಯುವ ಸಣ್ಣ ದೋಣಿ’ ಎನ್ನುತ್ತಾನೆ.

ಅವ್ವನಿಗೆ 74 ವರ್ಷ. ಎರಡು ಮಂಡಿಯೂ ನೋವು. ಮನೆಯ ಮೆಟ್ಟಿಲನ್ನೇ ಒಂದೊಂದಾಗಿ ಗೋಡೆ ಹಿಡಿದು ಇಳಿಯುವವಳು. ಅಷ್ಟು ದೊಡ್ಡ ಹಡಗಿನಿಂದ ನಡುಸಮುದ್ರದಲ್ಲಿ ಅವಳನ್ನು ದೋಣಿಗೆ ಇಳಿಸುವುದು ಹೇಗೆ? ಸಂಜೆ ನಾವು ತಡ ಮಾಡಿದರೆ ಹಡಗು ಬಿಟ್ಟು ಹೋಗುತ್ತದೆಯೇ? ತಿಳಿದವರು ದಯವಿಟ್ಟು ತಿಳಿಸಿ.

ಖರ್ಚಿನಲೆಕ್ಕ (ದಾವಣಗೆರೆ)

ಗೊತ್ತಾಯಿತು ಬಿಡಿ. ಬೆಂಗಳೂರಿನ ರಾತ್ರಿ ಬಸ್ಸು ಊರೊಳಗೆ ಬಾರದೆ ಬೈಪಾಸಿನಲ್ಲಿ ಇಳಿಸಿ ಹೋಗುತ್ತದಲ್ಲ, ಅದೇ ಇದು. ಅಲ್ಲಿಂದ ಆಟೋದವನು ಕೇಳಿದಷ್ಟು ಕೊಟ್ಟು ಮನೆ ಸೇರಬೇಕು. ಲಕ್ಷಗಟ್ಟಲೆ ಕೊಟ್ಟವರಿಗೂ ಬೈಪಾಸೇ ಗತಿ ಎಂದರೆ ನಮಗೆಲ್ಲ ಸಮಾಧಾನ.

ದುರ್ಗದಕಲ್ಲು (ಚಿತ್ರದುರ್ಗ)

ಬೈಪಾಸ್ ಹೋಲಿಕೆ ಚೆನ್ನಾಗಿದೆ, ಆದರೆ ಒಂದು ವ್ಯತ್ಯಾಸ: ದೋಣಿಗೆ ಬೇರೆ ದುಡ್ಡಿಲ್ಲ.

ನಾನು ಎಂಟು ವರ್ಷ ಪ್ರವಾಸಿ ಹಡಗುಗಳಲ್ಲಿ ಕೆಲಸ ಮಾಡಿ ಊರಿಗೆ ಮರಳಿದವನು. ಹೊಳಲ್ಕೆರೆ ರಸ್ತೆಯಲ್ಲಿ ಈಗ ಚಿಕ್ಕದೊಂದು ಹೋಟೆಲು. ಹಡಗಿನಲ್ಲಿ ನನ್ನದು ಕೋಣೆ ಅಚ್ಚುಕಟ್ಟು ಮಾಡುವ ಕೆಲಸ. ಟೆಂಡರ್ ದಿನ ಬಂತೆಂದರೆ ಮಾತ್ರ ನಮ್ಮನ್ನೂ ಕೆಳಗಿನ ಬಾಗಿಲಿಗೆ ಕಳಿಸುತ್ತಿದ್ದರು. ಹೀಗಾಗಿ ಸಾವಿರಾರು ಜನ ಆ ದೋಣಿಗೆ ಕಾಲಿಡುವುದನ್ನು ಮೊಳದಂತರದಲ್ಲಿ ನಿಂತು ನೋಡಿದ್ದೇನೆ.

ಹಡಗು ಧಕ್ಕೆಗೆ ಏಕೆ ಬರುವುದಿಲ್ಲ? ಮುನ್ನೂರು ಮೀಟರ್ ಉದ್ದದ ಹಡಗಿನ ತಳ ನೀರಿನೊಳಗೆ ಎಂಟು ಮೀಟರಿನ ಆಸುಪಾಸು ಇಳಿದಿರುತ್ತದೆ. ಹಳೆಯ ಮೀನುಗಾರರ ಊರುಗಳ ಬಂದರಿನಲ್ಲಿ ಅಷ್ಟು ಆಳವೂ ಇಲ್ಲ, ಅಷ್ಟು ಉದ್ದದ ಧಕ್ಕೆಯೂ ಇಲ್ಲ. ಬೆಲೀಜ್ ಎಂಬಲ್ಲಿ ಹವಳದ ದಿಬ್ಬಗಳಿಂದಾಗಿ ಹಡಗು ಊರಿನಿಂದ ಮೈಲುಗಟ್ಟಲೆ ದೂರ ನಿಲ್ಲುತ್ತದೆ. ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಕತೆ ಬೇರೆ. ಅಲ್ಲಿ ಹಡಗುಗಳಿಗೆಂದು ಧಕ್ಕೆ ಕಟ್ಟಬೇಕೇ ಎಂದು 2025ರ ಏಪ್ರಿಲ್‌ನಲ್ಲಿ ಜನರನ್ನೇ ಕೇಳಿದರು. ಹೆಚ್ಚಿನವರು ಬೇಡವೆಂದರು. ಇಂದಿಗೂ ಅಲ್ಲಿ ದೋಣಿಯೇ.

ಇನ್ನು ದೋಣಿ. ಹಡಗಿನ ಎರಡೂ ಪಕ್ಕೆಯಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ ದೋಣಿಗಳು ತೂಗುಬಿದ್ದಿರುವುದನ್ನು ಚಿತ್ರದಲ್ಲಿ ನೋಡಿರುತ್ತೀರಿ. ಅವು ಜೀವರಕ್ಷಕ ದೋಣಿಗಳು. ಅವುಗಳಲ್ಲೇ ಕೆಲವನ್ನು ಈ ಕೆಲಸಕ್ಕೂ ಆಗುವಂತೆ ಕಟ್ಟಿರುತ್ತಾರೆ: ಜೋಡಿ ಎಂಜಿನ್, ಅಗಲ ಬಾಗಿಲು, ಗಾಜಿನ ಕಿಟಕಿ. ಅಪಾಯದ ಹೊತ್ತಿನಲ್ಲಿ 150 ಜನರನ್ನು ತುಂಬುವ ದೋಣಿಯಲ್ಲಿ ಟೆಂಡರ್ ದಿನ ನೂರರ ಸುತ್ತಮುತ್ತ ಕೂರಿಸುತ್ತಾರೆ. ಬೆಳಗಿನ ಜಾವವೇ ತೂಗುಗಂಬಗಳಿಂದ ಉಕ್ಕಿನ ಹಗ್ಗ ಬಿಟ್ಟು ಖಾಲಿ ದೋಣಿಗಳನ್ನು ನೀರಿಗಿಳಿಸಿ, ಹಡಗಿನ ಕೆಳ ಅಂತಸ್ತಿನ ಬಾಗಿಲಿಗೆ ತಂದು ಕಟ್ಟುತ್ತಾರೆ. ಜನ ಹತ್ತುವುದು ಅಲ್ಲಿ, ನೀರಿನ ಮಟ್ಟದಲ್ಲಿ. ಮೇಲಿಂದ ಹಗ್ಗ ಕಟ್ಟಿ ಯಾರನ್ನೂ ಇಳಿಬಿಡುವುದಿಲ್ಲ. ಅಮ್ಮನವರಿಗೆ ಇದನ್ನು ಮೊದಲು ಹೇಳಿ, ಅರ್ಧ ಭಯ ಹೋಗುತ್ತದೆ.

ಉಳಿದ ಅರ್ಧ ಭಯ ಇರಬೇಕಾದದ್ದೇ.

ಬಾಗಿಲಿನ ಹೊರಗೆ ಜಗಲಿಯಂಥ ಒಂದು ಕಟ್ಟೆ ಚಾಚಿಕೊಂಡಿರುತ್ತದೆ. ಅದಕ್ಕೆ ಒತ್ತಿ ದೋಣಿ. ಹಡಗು ದೊಡ್ಡದು, ಅಲೆಗೆ ಅಷ್ಟಾಗಿ ಅಲುಗುವುದಿಲ್ಲ. ದೋಣಿ ಚಿಕ್ಕದು, ಪ್ರತಿ ಅಲೆಗೂ ಏಳುತ್ತದೆ, ಬೀಳುತ್ತದೆ. ಒಂದು ಕ್ಷಣ ಕಟ್ಟೆಗೆ ಸರಿಸಮ, ಇನ್ನೊಂದು ಕ್ಷಣ ಮೊಣಕಾಲುದ್ದ ಕೆಳಗೆ. ನಡುವೆ ಒಂದು ಬಿರುಕು ತೆರೆದು ಮುಚ್ಚುತ್ತಿರುತ್ತದೆ, ಒಳಗೆ ಹಸಿರು ನೀರು. ಆ ಒಂದು ಹೆಜ್ಜೆಯೇ ಎಲ್ಲ. ದೂರ, ದೋಣಿಯ ಗಾತ್ರ, ಚೀಟಿ, ಸಾಲು ಯಾವುದೂ ಲೆಕ್ಕಕ್ಕಿಲ್ಲ.

ಅಲ್ಲಿ ಎರಡೂ ಕಡೆ ಸಿಬ್ಬಂದಿ ನಿಂತಿರುತ್ತಾರೆ. ಅವರು ಬೆರಳು ಹಿಡಿಯುವುದಿಲ್ಲ, ಮುಂಗೈ ಹಿಡಿಯುತ್ತಾರೆ. ನೀವೂ ಅವರ ಮುಂಗೈಯನ್ನೇ ಹಿಡಿಯಬೇಕು. ಬೆವರಿದ ಅಂಗೈ ಜಾರುತ್ತದೆ, ಮುಂಗೈ ಜಾರುವುದಿಲ್ಲ. ದೋಣಿ ಮೇಲೆ ಬರುತ್ತಿರುವಾಗ ‘ಈಗ’ ಎನ್ನುತ್ತಾರೆ, ಆಗ ಕಾಲಿಡಬೇಕು. ಮೊಬೈಲ್, ಚೀಲ, ಕೋಲು ಯಾವುದೂ ಕೈಯಲ್ಲಿರಬಾರದು. ಕೋಲನ್ನು ಅವರೇ ಪಡೆದು ಆಚೆ ದಾಟಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಎಡವಿದವರಲ್ಲಿ ಮುದುಕರು ಕಡಿಮೆ. ಫೋಟೊ ತೆಗೆಯುತ್ತ ಹೆಜ್ಜೆ ಇಟ್ಟ ಗಟ್ಟಿಮುಟ್ಟಾದ ಗಂಡಸರೇ ಹೆಚ್ಚು.

ಹೊಳೆದಂಡೆ (ಹರಿಹರ)

ನಮ್ಮಜ್ಜ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದವರು. ಸಂತೆಯ ದಿನ ಆಚೆ ದಡದ ಹಳ್ಳಿಯವರನ್ನು ದಾಟಿಸುವುದು. ‘ಹರಿಗೋಲಿಗೆ ಹಾರಬೇಡ, ಅದರೊಳಗೆ ಕೂತುಕೊಳ್ಳಲು ಹೋದಂತೆ ಹೋಗು’ ಎನ್ನುತ್ತಿದ್ದರು. ಹಾರಿದವನ ಭಾರಕ್ಕೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ, ಇವನು ನೀರಿಗೆ. ಕೋಳಿಬುಟ್ಟಿಯ ಸಮೇತ ಬಿದ್ದ ಒಬ್ಬರ ಕತೆಯನ್ನು ಊರಿನಲ್ಲಿ ಇನ್ನೂ ಹೇಳುತ್ತಾರೆ. ಕೋಳಿಗಳು ಬದುಕಿದವು ಎಂಬುದನ್ನು ತಪ್ಪದೆ ಸೇರಿಸುತ್ತಾರೆ.

ಒಂದು ಪ್ರಶ್ನೆ. ಹಡಗು ನಿಂತಲ್ಲೇ ನಿಲ್ಲುವುದು ಹೇಗೆ? ಹರಿಗೋಲಾದರೆ ಗೂಟಕ್ಕೆ ಕಟ್ಟುತ್ತಿದ್ದರು.

ದುರ್ಗದಕಲ್ಲು

ಅಜ್ಜನ ಮಾತು ನೂರಕ್ಕೆ ನೂರು ಸರಿ.

ಲಂಗರು ಎಂದರೆ ಕೊಕ್ಕೆ ನೆಲಕ್ಕೆ ಸಿಕ್ಕಿಕೊಂಡು ಹಡಗನ್ನು ಹಿಡಿಯುತ್ತದೆ ಎಂದು ನಾನೂ ತಿಳಿದಿದ್ದೆ. ನಿಜವಾಗಿ ಕೆಲಸದ ದೊಡ್ಡ ಪಾಲು ಸರಪಳಿಯ ತೂಕದ್ದು. ಒಂದೊಂದು ಕೊಂಡಿಯನ್ನೂ ಒಬ್ಬನೇ ಎತ್ತಲಾರದಂಥ ಸರಪಳಿ. ಅದನ್ನು 27.5 ಮೀಟರಿನ ತುಂಡುಗಳ ಲೆಕ್ಕದಲ್ಲಿ ಬಿಡುತ್ತಾರೆ. ನೀರಿನ ಆಳಕ್ಕಿಂತ ಹಲವು ಪಟ್ಟು ಉದ್ದ ಬಿಟ್ಟಾಗ ಬಹುಪಾಲು ಸಮುದ್ರದ ತಳದಲ್ಲಿ ಮಲಗುತ್ತದೆ. ಗಾಳಿ ಹಡಗನ್ನು ಎಳೆದರೆ ಮೊದಲು ಆ ಮಲಗಿದ ಸರಪಳಿ ಏಳಬೇಕು, ಆಮೇಲೆ ಲಂಗರಿನ ಸರದಿ.

ಲಂಗರು ಹಾಕಿದ ಹಡಗು ಗಾಳಿ ತಿರುಗಿದಂತೆ ತಾನೂ ತಿರುಗುತ್ತದೆ. ಆಗ ಬದಿಯ ತಳ್ಳುಯಂತ್ರಗಳನ್ನು ನಡೆಸಿ ಹಡಗಿನ ಮೈಯನ್ನೇ ಗೋಡೆಯಾಗಿ ಅಡ್ಡ ಹಿಡಿಯುತ್ತಾರೆ. ಗಾಳಿ ಒಂದು ಬದಿಗೆ ಬಡಿದರೆ ಮರೆಯ ಬದಿಯಲ್ಲಿ ನೀರು ತಕ್ಕಮಟ್ಟಿಗೆ ಶಾಂತ. ದೋಣಿಗೆ ಹತ್ತಿಸುವುದು ಆ ಮರೆಯಲ್ಲಿ. ಗಾಳಿ ದಿಕ್ಕು ಬದಲಿಸಿದರೆ ಈ ಬದಿಯ ಬಾಗಿಲು ಮುಚ್ಚಿ ಆ ಬದಿಯ ಬಾಗಿಲು ತೆರೆಯುತ್ತಾರೆ.

ಕಾಯುವಿಕೆಯ ಲೆಕ್ಕ ಖರ್ಚಿನವರಿಗೆ ಇಷ್ಟವಾಗಬಹುದು. ಹಡಗಿನಲ್ಲಿ 2,400 ಪ್ರಯಾಣಿಕರು, ದೋಣಿ ನಾಲ್ಕು, ದೋಣಿಗೆ ನೂರು ಜನ ಎನ್ನಿ. ಹತ್ತಿಸಿ, ಹೋಗಿ, ಇಳಿಸಿ, ಬರಲು 40 ನಿಮಿಷ. ಗಂಟೆಗೆ ಆರು ದೋಣಿ, 600 ಜನ. ಎಲ್ಲರೂ ಇಳಿಯಲು ನಾಲ್ಕು ಗಂಟೆ. ಅದಕ್ಕೇ ಟೆಂಡರ್ ಚೀಟಿ ಕೊಡುತ್ತಾರೆ, ನಾಟಕಶಾಲೆಯಲ್ಲಿ ಕೂರಿಸಿ ಸಂಖ್ಯೆ ಕೂಗುತ್ತಾರೆ. ಹಡಗಿನವರೇ ನಡೆಸುವ ದಡದ ಸುತ್ತಾಟಕ್ಕೆ ದುಡ್ಡು ಕೊಟ್ಟವರಿಗೆ ಮೊದಲ ದೋಣಿಗಳು. ಸ್ವಂತವಾಗಿ ಹೋಗುವವರು ಬೇಗ ಎದ್ದು ಚೀಟಿ ಪಡೆಯಬೇಕು, ಇಲ್ಲವೇ ಹತ್ತೂವರೆಯ ನಂತರ ನಿಧಾನವಾಗಿ ಹೋಗಬೇಕು. ಆ ಹೊತ್ತಿಗೆ ಬಹಳ ಕಡೆ ಚೀಟಿಯನ್ನೇ ಕೇಳುವುದಿಲ್ಲ.

ಖರ್ಚಿನಲೆಕ್ಕ

ಮೆಕ್ಕೆಜೋಳದವರೇ, ಟೆಂಡರ್ ಚೀಟಿ ಕೂಗುವಾಗ ಅಭ್ಯಾಸಬಲದಿಂದ ದರ ಹೇಳಿಬಿಡಬೇಡಿ.

ಕಡಲತಡಿಯಿಂದವರ್ಗ (ದಾವಣಗೆರೆ)

ನಾನು ಮಂಗಳೂರಿನವಳು, ಬ್ಯಾಂಕಿನ ಕೆಲಸದ ಮೇಲೆ ನಿಮ್ಮೂರಿಗೆ ಬಂದು ಮೂರು ವರ್ಷ. ನಿಮ್ಮ ಬೆಣ್ಣೆದೋಸೆಗೆ ಒಗ್ಗಿದ್ದೇನೆ, ಏಪ್ರಿಲ್ ತಿಂಗಳ ಬಿಸಿಲಿಗೆ ಇಲ್ಲ.

ಇದು ಹೊಸ ವಿದ್ಯೆಯಲ್ಲ. 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ತೆರೆಯುವ ಮೊದಲು ಮಂಗಳೂರಿಗೆ ಬಂದ ದೊಡ್ಡ ಹಡಗುಗಳು ಅಳಿವೆಯ ಹೊರಗೆ ಲಂಗರು ಹಾಕುತ್ತಿದ್ದವು. ಸರಕು ಸಣ್ಣ ದೋಣಿಗಳಲ್ಲಿ ಹಳೆಯ ಬಂದರಿಗೆ ಬರಬೇಕಿತ್ತು, ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ಈಗ ಪ್ರವಾಸಿ ಹಡಗುಗಳು ಪಣಂಬೂರಿನ ಧಕ್ಕೆಗೇ ಬಂದು ನಿಲ್ಲುತ್ತವೆ, ಅಲ್ಲಿ ದೋಣಿಯ ಮಾತಿಲ್ಲ.

ಅಮ್ಮನವರಿಗೆ ಅಭ್ಯಾಸ ಬೇಕಿದ್ದರೆ ಒಮ್ಮೆ ಮಲ್ಪೆಗೆ ಕರೆದುಕೊಂಡು ಹೋಗಿ. ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೊಡ್ಡ ದೋಣಿ ದ್ವೀಪದ ಹತ್ತಿರ ಆಳ ಸಾಲದೆ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ದಾಟಿಸುತ್ತಾರೆ. ಟೆಂಡರ್ ಎಂಬ ಹೆಸರೊಂದಿಲ್ಲ, ಉಳಿದದ್ದೆಲ್ಲ ಅದೇ. ಮಳೆಗಾಲದಲ್ಲಿ ಮಾತ್ರ ಹೋಗಬೇಡಿ, ದೋಣಿ ಬಿಡುವುದಿಲ್ಲ.

ಜೋಗಿಮಟ್ಟಿ (ಚಿತ್ರದುರ್ಗ)

ಅಣ್ಣನವರೇ, ನನ್ನ ಅನುಭವವನ್ನೂ ಕೇಳಿ, ಏಕೆಂದರೆ ಇಲ್ಲಿ ಎಲ್ಲರೂ ಧೈರ್ಯವನ್ನೇ ಹೇಳುತ್ತಿದ್ದಾರೆ.

ನಾಲ್ಕು ವರ್ಷದ ಹಿಂದೆ ಅತ್ತೆಯವರನ್ನು ಕರೆದುಕೊಂಡು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿದ್ದೆವು. ಕವರತ್ತಿ, ಕಲ್ಪೇನಿ, ಮಿನಿಕಾಯ್. ರಾತ್ರಿ ಹಡಗಿನಲ್ಲಿ ನಿದ್ದೆ, ಹಗಲು ದ್ವೀಪ. ಹವಳದ ದಿಬ್ಬದ ಹೊರಗೆ ಹಡಗು ನಿಲ್ಲುತ್ತದೆ, ಪಕ್ಕೆಯ ಬಾಗಿಲಿಗೆ ದ್ವೀಪದವರ ಯಾಂತ್ರಿಕ ದೋಣಿ ಬರುತ್ತದೆ. ಒಳಗಿನ ನೀರು ಗಾಜಿನ ಹಾಗೆ, ಹೊರಗೆ ಮಾತ್ರ ತೆರೆ ತೂಗುತ್ತಿರುತ್ತದೆ. ನಮ್ಮನ್ನು ಕಳಿಸಿದ ಪ್ರವಾಸ ಏರ್ಪಾಡಿನವರು ಈ ವಿಷಯವನ್ನೇ ಹೇಳಿರಲಿಲ್ಲ. ಅತ್ತೆಯವರು ಒಂಬತ್ತು ಗಜದ ಸೀರೆಯಲ್ಲಿ ಬಂದಿದ್ದರು. ಬಾಗಿಲಿನಲ್ಲಿ ನಿಂತು ಕೆಳಗೆ ನೋಡಿದವರೇ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಎರಡು ದಿನ ನೀಲಿಗಟ್ಟಿತ್ತು. ಇಬ್ಬರು ಹುಡುಗರು ಮುಂದೆ ಬಂದು, ‘ಉಮ್ಮಾ, ಉಮ್ಮಾ’ ಎನ್ನುತ್ತ ಅವರನ್ನು ಹೂವಿನ ಬುಟ್ಟಿಯಂತೆ ಎತ್ತಿ ದೋಣಿಯಲ್ಲಿಟ್ಟರು. ಅತ್ತೆಯವರಿಗೆ ಆದದ್ದು ಭಯವಲ್ಲ, ನಾಚಿಕೆ. ‘ಗಂಡಸರು ಎತ್ತಿದರಲ್ಲೇ’ ಎಂದು ಆ ದಿನವಿಡೀ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮಿನಿಕಾಯ್‌ನಲ್ಲಿ ಇಳಿಯಲೂ ಇಲ್ಲ.

ಆದ್ದರಿಂದ ಅಮ್ಮನವರನ್ನು ಮೊದಲೇ ಕೇಳಿ. ಅಲ್ಲಿಗೆ ಹೋದ ಮೇಲೆ ಹಿಂದೆ ನೂರು ಜನ ನಿಂತಿರುವಾಗ ಕೇಳಬೇಡಿ. ಸೀರೆಯ ಬದಲು ಚೂಡಿದಾರ್ ಒಪ್ಪಿದರೆ ಒಳ್ಳೆಯದು. ಒಪ್ಪುವುದಿಲ್ಲ ಎಂದು ನನಗೂ ಗೊತ್ತು.

ಮೆಕ್ಕೆಜೋಳದಂಗಡಿ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕನವರು ಹೇಳಿದ್ದು ಮನಸ್ಸಿಗೆ ನಾಟಿತು, ಅವ್ವನ ಜೊತೆ ಮಾತಾಡಿದೆ. ‘ನೋಡೋಣ, ನೀರು ನೋಡಿ ಹೇಳುತ್ತೇನೆ’ ಎಂದಳು. ಚೂಡಿದಾರ್ ವಿಷಯ ಎತ್ತುವ ಧೈರ್ಯ ಬರಲಿಲ್ಲ.

ದುರ್ಗದ ತಮ್ಮ, ನಮ್ಮ ಎರಡು ದ್ವೀಪಗಳ ಬಗ್ಗೆ ಪ್ರತ್ಯೇಕವಾಗಿ ಹೇಳುತ್ತೀರಾ?

ದುರ್ಗದಕಲ್ಲು

ಮೈಕೊನೋಸ್: ಟೂರ್ಲೋಸ್ ಎಂಬಲ್ಲಿ ಧಕ್ಕೆ ಇದೆ. ಅಲ್ಲಿ ಜಾಗ ಸಿಕ್ಕ ಹಡಗಿಗೆ ದೋಣಿ ಬೇಡ, ಸಿಗದಿದ್ದರೆ ಬೇಕು. ಆದರೆ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಮೆಲ್ತೆಮಿ ಎಂಬ ಬಡಗಣ ಗಾಳಿ ಬೀಸುತ್ತದೆ. ಆಕಾಶ ತಿಳಿಯಾಗಿರುತ್ತದೆ, ಬಿಸಿಲು ಹೊಳೆಯುತ್ತಿರುತ್ತದೆ, ಸಮುದ್ರ ಮಾತ್ರ ಬಿಳಿ ನೊರೆ ಕಾರುತ್ತಿರುತ್ತದೆ. ‘ಇಷ್ಟು ಚೆನ್ನಾದ ದಿನ ಏಕೆ ಇಳಿಸುವುದಿಲ್ಲ’ ಎಂದು ಜನ ನಮ್ಮ ಮೇಲೆ ರೇಗುತ್ತಿದ್ದರು. ತೀರ್ಮಾನ ಕ್ಯಾಪ್ಟನ್‌ನದು. ಬೆಳಿಗ್ಗೆ ಇಳಿಸುವುದಷ್ಟೇ ಅಲ್ಲ, ಸಂಜೆ ಎಲ್ಲರನ್ನೂ ಮರಳಿ ಹತ್ತಿಸಲು ಆಗುತ್ತದೆಯೇ ಎಂಬುದನ್ನೂ ಅವನು ನೋಡಬೇಕು. ರದ್ದಾದರೆ ಬಂದರು ಶುಲ್ಕ ಹಿಂದಿರುಗಿಸುತ್ತಾರೆ, ಅಷ್ಟೇ.

ಸ್ಯಾಂಟೊರಿನಿ ವಿಚಿತ್ರವಾದ ಜಾಗ. ಬಾಯ್ದೆರೆದ ಜ್ವಾಲಾಮುಖಿಯೊಳಗೆ ಸಮುದ್ರ ನುಗ್ಗಿದೆ. ದಡದ ಪಕ್ಕದಲ್ಲೇ ನೂರಾರು ಮೀಟರ್ ಆಳ, ಹೀಗಾಗಿ ದೊಡ್ಡ ಹಡಗುಗಳು ಸಾಮಾನ್ಯವಾಗಿ ಲಂಗರನ್ನೇ ಹಾಕುವುದಿಲ್ಲ, ಎಂಜಿನ್ ಬಲದಿಂದ ನಿಂತಲ್ಲೇ ತೇಲುತ್ತವೆ. ದೋಣಿಯೂ ಹಡಗಿನದಲ್ಲ, ಊರವರದು. ಹಳೆಯ ಬಂದರಿನಲ್ಲಿ ಇಳಿದರೆ ತಲೆಯ ಮೇಲೆ ಕಡಿದಾದ ಬಂಡೆ, ಬಂಡೆಯ ನೆತ್ತಿಯಲ್ಲಿ ಫಿರಾ ಊರು. ನಮ್ಮ ಕೋಟೆಯ ಏಳು ಸುತ್ತನ್ನೂ ಒಂದರ ಮೇಲೊಂದು ಪೇರಿಸಿದಂತೆ ಕಾಣುತ್ತದೆ. ಮೇಲೆ ಹೋಗಲು ಮೂರು ದಾರಿ: ತೂಗುತೊಟ್ಟಿಲು (ಕೇಬಲ್ ಕಾರ್), 588 ಮೆಟ್ಟಿಲು, ಕತ್ತೆ. ಮಂಡಿನೋವಿನವರಿಗೆ ತೊಟ್ಟಿಲೊಂದೇ ದಾರಿ, ಅದರ ಸಾಲು ಜಾತ್ರೆಯ ಸಾಲು. ಹಡಗಿನವರ ಸುತ್ತಾಟ ಪಡೆದರೆ ದೋಣಿ ಅಥಿನಿಯೋಸ್ ಎಂಬ ಇನ್ನೊಂದು ಬಂದರಿಗೆ ಹೋಗುತ್ತದೆ, ಅಲ್ಲಿ ಬಸ್ ಕಾಯುತ್ತಿರುತ್ತದೆ. ಆದರೆ ಮರಳುವಾಗ ಸಾಮಾನ್ಯವಾಗಿ ತೊಟ್ಟಿಲಿನಲ್ಲೇ ಇಳಿಯಬೇಕು.

ಕೊನೆಯ ದೋಣಿಯ ವೇಳೆಯನ್ನು ಕೈಮೇಲೆ ಬರೆದುಕೊಳ್ಳಿ. ಹಡಗು ಹೊರಡುವ ವೇಳೆ ಬೇರೆ, ಕೊನೆಯ ದೋಣಿಯ ವೇಳೆ ಬೇರೆ, ಎರಡನೆಯದು ಮೊದಲೇ ಬರುತ್ತದೆ. ತಪ್ಪಿಸಿಕೊಂಡರೆ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಬೇಕು.

ಖರ್ಚಿನಲೆಕ್ಕ

ಆ ಎರಡು ದ್ವೀಪಗಳಲ್ಲಿ 2025ರ ಜುಲೈನಿಂದ ಬೇಸಿಗೆ ತಿಂಗಳಲ್ಲಿ ಹಡಗಿನಿಂದ ಇಳಿಯುವ ತಲೆಯೊಂದಕ್ಕೆ 20 ಯೂರೊ ತೆರಿಗೆ. ಅದನ್ನೂ ಲೆಕ್ಕಕ್ಕೆ ಹಾಕಿಕೊಳ್ಳಿ.

ಇನ್ನೊಂದು. 2013ರ ಫೆಬ್ರವರಿಯಲ್ಲಿ ಸ್ಪೇನಿನ ಲಾ ಪಾಲ್ಮಾ ದ್ವೀಪದ ಬಂದರಿನಲ್ಲಿ ಇಂಥದ್ದೇ ಜೀವರಕ್ಷಕ ದೋಣಿಯ ಉಕ್ಕಿನ ಹಗ್ಗ ತಾಲೀಮಿನ ವೇಳೆ ತುಂಡಾಗಿ, ದೋಣಿ ಬೋರಲು ಬಿದ್ದು ಐವರು ಸಿಬ್ಬಂದಿ ಸತ್ತಿದ್ದರು. ಹೆದರಿಸಲು ಹೇಳುತ್ತಿಲ್ಲ. ಉತ್ತರ ಬೇಕು.

ದುರ್ಗದಕಲ್ಲು

ನಿಜ, ನಾವೆಲ್ಲ ಆ ಸುದ್ದಿ ಓದಿ ಆ ರಾತ್ರಿ ಊಟ ಬಿಟ್ಟವರು. ಸತ್ತವರು ನಮ್ಮಂಥ ಸಂಬಳದವರು. ಆ ಉಕ್ಕಿನ ಹಗ್ಗಗಳಿಗೆ ಐದು ವರ್ಷದ ಆಯಸ್ಸು, ಆಮೇಲೆ ಬದಲಿಸಲೇಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಉಪ್ಪುನೀರು ಐದು ವರ್ಷ ಕಾಯುತ್ತದೆಯೇ ಎಂಬುದು ಬೇರೆ ಮಾತು. ಟೆಂಡರ್ ದಿನ ದೋಣಿ ನೀರಿಗಿಳಿಯುವಾಗ ಒಳಗಿರುವವರು ಸಿಬ್ಬಂದಿ ಮಾತ್ರ. ಪ್ರಯಾಣಿಕರು ಆ ಹಗ್ಗವನ್ನು ನೆಚ್ಚಬೇಕಾದ ಪ್ರಸಂಗವಿಲ್ಲ. ನೆಚ್ಚಿದವರು ನಾವು.

ನಿರ್ವಾಹಕರು

ಯಾವ ಅಂಗಡಿಯ ಬೆಣ್ಣೆದೋಸೆ ಮೇಲು ಎಂಬ 14 ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ.

ಮೆಕ್ಕೆಜೋಳದಂಗಡಿ (ಮೂರು ವಾರಗಳ ನಂತರ)

ಊರಿಗೆ ಬಂದೆವು. ವರದಿ ಒಪ್ಪಿಸುತ್ತೇನೆ.

ಮೈಕೊನೋಸ್ ಸಿಗಲಿಲ್ಲ. ದುರ್ಗದ ತಮ್ಮ ಹೇಳಿದಂತೆಯೇ ಬಿಸಿಲು, ನೀಲಿ ಆಕಾಶ, ನೊರೆ. ಬಿಳಿ ಮನೆಗಳು ಕಣ್ಣಿಗೆ ಕಾಣುತ್ತಿವೆ, ಹೋಗುವಂತಿಲ್ಲ. ಏಳೂವರೆಗೆ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಕ್ಷಮೆ ಕೇಳಿದ. ನಮ್ಮ ಪಕ್ಕದಲ್ಲಿದ್ದವರು ಕೂಗಾಡಿದರು, ನಾನು ಸುಮ್ಮನಿದ್ದೆ. ಈ ಎಳೆ ಓದದಿದ್ದರೆ ನಾನೂ ಕೂಗಾಡುತ್ತಿದ್ದೆ.

ಸ್ಯಾಂಟೊರಿನಿಯಲ್ಲಿ ನೀರು ಅಷ್ಟೇನೂ ಒರಟಾಗಿರಲಿಲ್ಲ. ಅವ್ವನನ್ನು ಕೆಳಗಿನ ಬಾಗಿಲಿನವರೆಗೆ ಕರೆದುಕೊಂಡು ಹೋದೆವು. ಕಟ್ಟೆಯ ಮೇಲೆ ನಿಂತು ಮೂರು ಅಲೆ ನೋಡಿದಳು. ಜೋಳದ ಮಾದರಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುವಂತೆ ನೋಡಿದಳು. ‘ಇದು ನನ್ನ ಕೈಲಿ ಆಗುವುದಲ್ಲ, ನೀವು ಹೋಗಿ ಬನ್ನಿ’ ಎಂದು ಹಿಂದಿರುಗಿದಳು. ದುಃಖವೂ ಇಲ್ಲ, ಗಲಾಟೆಯೂ ಇಲ್ಲ. ಅಕ್ಕನವರ ಮಾತು ಕೇಳಿ ಮೊದಲೇ ಮಾತಾಡಿದ್ದು ಒಳ್ಳೆಯದಾಯಿತು.

ನಾವಿಬ್ಬರು ಮುಂಗೈ ಹಿಡಿದು ದಾಟಿದೆವು. ಮೇಲೆ ಹೋಗಲು ತೊಟ್ಟಿಲಿನ ಸಾಲು, ಇಳಿಯಲು ಇನ್ನೂ ದೊಡ್ಡ ಸಾಲು. ಊರು ಚೆನ್ನಾಗಿದೆ, ಜನರ ತಲೆಗಳ ನಡುವೆ ಕಂಡಷ್ಟು. ಕೊನೆಯ ದೋಣಿಗೆ ಮುಂಚಿನದನ್ನು ಹಿಡಿದು ಹಡಗಿಗೆ ಬಂದಾಗ ನನ್ನ ಮನೆಯವಳ ಚಪ್ಪಲಿ ಕಿತ್ತಿತ್ತು.

ಅವ್ವ ಮೇಲಂತಸ್ತಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಮಡಿಲಲ್ಲಿ ಹಡಗಿನವರು ದಿನವೂ ಕೊಡುವ ಕಾರ್ಯಕ್ರಮದ ಹಾಳೆ. ಹಾಳೆಯ ಹಿಂಬದಿಯಲ್ಲಿ ನಾಲ್ಕು ಗೀಟು, ಐದನೆಯದು ಅಡ್ಡ ಗೀಟು. ಅಂಗಡಿಯಲ್ಲಿ ಚೀಲ ಎಣಿಸುವ ಹಾಗೆ ಇಡೀ ದಿನ ದೋಣಿಗಳನ್ನು ಎಣಿಸಿದ್ದಾಳೆ. ಬಂದದ್ದಕ್ಕೆ ಒಂದು ಸಾಲು, ಹೋದದ್ದಕ್ಕೆ ಒಂದು ಸಾಲು. ನಾವು ಕಂಡದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ತಾಳ್ಮೆಯಿಂದ ಕೇಳಿ, ಹಾಳೆ ತೋರಿಸಿದಳು. ಕೊನೆಯ ದೋಣಿಯೂ ಹೊರಟು ಹೋದ ಮೇಲೆ ಬಂದದ್ದು 46, ಹೋದದ್ದು 45. ‘ಒಂದು ದೋಣಿ ಎಲ್ಲಿ ಹೋಯಿತು?’

ನಡುವೆ ಕಣ್ಣು ಮುಚ್ಚಿರಬೇಕು ಎಂದೆ. ಅಂದಿನಿಂದ ನನ್ನ ಮೇಲೆ ಸಿಟ್ಟು. ದಾವಣಗೆರೆಗೆ ಬಂದ ಮೇಲೂ ಅದೇ ಪ್ರಶ್ನೆ.

ದುರ್ಗದಕಲ್ಲು

ಅಮ್ಮನವರು ಕೂತಿದ್ದು ಹಡಗಿನ ಯಾವ ಬದಿಯಲ್ಲಿ? ಮಧ್ಯಾಹ್ನ ಯಾವಾಗಲಾದರೂ ಆ ಬದಿಯ ಬಾಗಿಲು ಮುಚ್ಚಿ ಇನ್ನೊಂದು ಬದಿಯದನ್ನು ತೆರೆದಿದ್ದರೇ?

ಮೆಕ್ಕೆಜೋಳದಂಗಡಿ

ಕೇಳಿದೆ. ಮೂರು ಗಂಟೆಯ ಹೊತ್ತಿಗೆ ಹಡಗು ಸ್ವಲ್ಪ ತಿರುಗಿತಂತೆ. ದೋಣಿಗಳು ಕಾಣದಾದವು ಎಂದು ಇವಳೂ ಕುರ್ಚಿಯನ್ನು ಆಚೆ ಬದಿಗೆ ಹಾಕಿಸಿಕೊಂಡಳಂತೆ.

ದುರ್ಗದಕಲ್ಲು

ಹಾಗಾದರೆ ಈ ಬದಿಯ ಬಾಗಿಲಿಗೆ ಬಂದಿದ್ದ ದೋಣಿಯೊಂದು, ಅವರು ಕುರ್ಚಿ ಬದಲಿಸುವ ಹೊತ್ತಿನಲ್ಲಿ ಹೋಗಿರಬೇಕು. ಲೆಕ್ಕ ಅವರದೇ ಸರಿ.

ಮೆಕ್ಕೆಜೋಳದಂಗಡಿ

ಅವ್ವನಿಗೆ ಓದಿ ಹೇಳಿದೆ. ‘ಹಾಗೆ ಹೇಳು ಮತ್ತೆ’ ಎಂದು ಕನ್ನಡಕ ಹಾಕಿಕೊಂಡು, ಆ ಹಾಳೆಯನ್ನು ತರಿಸಿಕೊಂಡು, ಎರಡನೆಯ ಸಾಲಿಗೆ ಒಂದು ಗೀಟು ಎಳೆದಳು.